ಪಂಪಿಗೆ ಅರ್ಧ ಗಂಟೆ ಬಿಡುವು

ಸುಟ್ಟ ಮೋಟರನ್ನು ಮೂಸಿ ನೋಡಿಯೇ ದೋಷ ಎಲ್ಲಿದೆ ಎಂದು ಹೇಳಬಲ್ಲವನು ಆ ಬೀದಿಯಲ್ಲಿ ಒಬ್ಬನೇ. ನಲವತ್ತು ವರ್ಷ ಜನರ ನೀರಿನ ಪಂಪುಗಳನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಟ್ಟಿದ್ದ. ಎಲ್ಲರೂ ಅವನನ್ನು ಮೋಟರ್ ಮೇಸ್ತ್ರಿ ಎನ್ನುತ್ತಿದ್ದರು. ಅಂಥ ಮೇಸ್ತ್ರಿಯ ಹೃದಯವೇ ಕೈಕೊಟ್ಟಿತು. ಕಾಲು ಬಾತುಕೊಂಡವು. ಅಂಗಡಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು. ಇನ್ನು ಮಾತ್ರೆಯಿಂದ ಆಗುವುದಿಲ್ಲ, ಎದೆಯೊಳಗೆ ಒಂದು ಪುಟ್ಟ ಪಂಪು ಕೂರಿಸಬೇಕು ಎಂದು ಡಾಕ್ಟರು ಹೇಳಿದಾಗ ಬೀದಿಯವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೇಸ್ತ್ರಿ ಮಾತ್ರ ಊಟದ ಮೇಜಿನ ಮುಂದೆ ಕಡ್ಡಿ ಮುರಿದಂತೆ ಹೇಳಿದ. "ಬೇಡ."

"ಯಾಕಪ್ಪ ಬೇಡ?" ಎಂದ ಮಗ. ಅವನು ಬಸ್ ಡ್ರೈವರು. ಅವನ ಕೆಲಸದ ವಿಮೆಯೇ ಆಪರೇಷನ್ನಿನ ಖರ್ಚು ಹೊರಲು ಒಪ್ಪಿತ್ತು. "ದುಡ್ಡಿನ ಚಿಂತೆ ಇಲ್ಲ ಅಂತ ಹೇಳಿದ್ನಲ್ಲ."

"ದುಡ್ಡಲ್ಲ ಕಣೋ. ಸುಡದೇ ಇರೋ ಮೋಟರ್ ಒಂದೇ ಒಂದು ನೋಡಿಲ್ಲ ನಾನು. ಅಂಗಡಿಗೆ ಬಂದದ್ದು ಸುಟ್ರೆ ಬಿಚ್ಚಿ ತಂತಿ ಸುತ್ತಬಹುದು. ಎದೇಲಿರೋದು ಸುಟ್ರೆ ಯಾರು ಬಿಚ್ತಾರೆ?"

ಅವನ ಹೆಂಡತಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಕಂಡೋರ ಮನೆ ಪಂಪಿಗೆಲ್ಲ ಒಂದೊಂದು ವರ್ಷ ಗ್ಯಾರಂಟಿ ಬರ್ಕೊಡ್ತೀರಿ. ನಂಗೆ ಒಂದು ವರ್ಷ ಬರ್ಕೊಡೋಕೆ ಆಗಲ್ವಾ ನಿಮ್ಗೆ?"

ಮೇಸ್ತ್ರಿ ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿ, ಕೈ ತೊಳೆದು ಬಂದು, "ಆಯ್ತು, ಹಾಕಿಸಿ" ಎಂದ. ಹೆಂಡತಿಯ ಮಾತಿಗೆ ಅವನು ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಈ ಹೆಂಗಸನ್ನು ಬೀದಿಯವರು ಕರೆಂಟಮ್ಮ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ಮೋಸ ಹೋಗಬಾರದು. ಮದುವೆಯಾದ ಹೊಸದರಲ್ಲಿ ಗಂಡನ ಅಂಗಡಿಗೆ ಟೀ ಕೊಡಲು ಹೋದವಳು ಒದ್ದೆ ಕೈಯನ್ನು ಒಂದು ಮೋಟರಿನ ಮೇಲಿಟ್ಟು, ಎದುರು ಗೋಡೆಗೆ ಹೋಗಿ ಬಿದ್ದಿದ್ದಳು. ಅಂದಿನಿಂದ ವೈರು ಎಂದರೆ ಅವಳಿಗೆ ಹಾವು. ಮನೆಯ ಸ್ವಿಚ್ಚುಗಳನ್ನು ಒಣ ಕಟ್ಟಿಗೆಯ ತುಂಡಿನಿಂದ ಒತ್ತುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಮೇಸ್ತ್ರಿಯೇ ತಮಾಷೆಗೆ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿತ್ತು.

ಆಪರೇಷನ್ ಆಯಿತು. ಒಂದು ತಿಂಗಳ ಮೇಲೆ ಮೇಸ್ತ್ರಿ ಮನೆಗೆ ಬಂದ. ಬಂದವನ ಮೈಗೆ ಹೊಸ ಸಾಮಾನುಗಳು ಅಂಟಿಕೊಂಡಿದ್ದವು. ಎದೆಯೊಳಗಿನ ಪಂಪಿನಿಂದ ಒಂದು ವೈರು ಹೊಟ್ಟೆಯ ಚರ್ಮ ತೂರಿ ಹೊರಗೆ ಬಂದಿತ್ತು. ಅದರ ತುದಿ ಸೊಂಟದಲ್ಲಿದ್ದ ಒಂದು ಡಬ್ಬಿಗೆ ಸೇರಿತ್ತು. ಡಬ್ಬಿಗೆ ಎರಡು ಬ್ಯಾಟರಿ, ಎಡಕ್ಕೊಂದು ಬಲಕ್ಕೊಂದು, ಹೆಗಲಿನ ಚೀಲದಲ್ಲಿ. ಬ್ಯಾಟರಿ ಬದಲಿಸುವಾಗ ಒಂದನ್ನು ಹಾಕಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ವೈರು ಹೊರಬರುವ ಜಾಗಕ್ಕೆ ದಿನಾ ಔಷಧ ಹಚ್ಚಿ ಪಟ್ಟಿ ಕಟ್ಟಬೇಕು. ತೊಟ್ಟಿ ಸ್ನಾನವಿಲ್ಲ, ಈಜಿಲ್ಲ, ವೈರನ್ನು ಜಗ್ಗುವ ಹಾಗಿಲ್ಲ. ಇವನ್ನೆಲ್ಲ ಕಲಿತ ಒಬ್ಬರು ಸದಾ ಮನೆಯಲ್ಲಿರಬೇಕು ಎಂದು ಆಸ್ಪತ್ರೆಯ ಸಿಸ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು.

ಕಲಿತವರು ಮಗ ಮತ್ತು ಸೊಸೆ. ಮಗ ಕಲಿತದ್ದು ಹೆಸರಿಗೆ. ಹೊಟ್ಟೆಯ ತೂತನ್ನು ನೋಡಿದರೆ ಅವನಿಗೆ ತಲೆ ಸುತ್ತು ಬರುತ್ತಿತ್ತು, ಬೆಳಿಗ್ಗೆ ಐದಕ್ಕೇ ಬಸ್ಸಿಗೆ ಓಡಬೇಕಿತ್ತು. ಹೀಗಾಗಿ ಎಲ್ಲ ಸೊಸೆಯ ತಲೆಗೆ ಬಂತು. ಅವಳು ಒಂದು ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸದಲ್ಲಿದ್ದಳು. ಎಂಟು ವರ್ಷದ ಕೆಲಸ. ಅವಳು ಉಜ್ಜಿದ ಗಾಜು ಚೌಕಟ್ಟಿನಲ್ಲಿ ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ ಎಂದು ಮಾಲೀಕನೇ ಹೇಳುತ್ತಿದ್ದ. ಈಗ ರಜೆ ಹಾಕಿ ಕೂತಿದ್ದಳು.

ಮೊದಲ ವಾರದ ಒಂದು ಸಂಜೆ ಬೀದಿ ಕೊನೆಯ ಔಷಧಿ ಅಂಗಡಿಯವನು ನೋಡಲು ಬಂದ. ತನಗೂ ಅರ್ಧ ಡಾಕ್ಟರಿಕೆ ಗೊತ್ತೆಂಬ ಠೀವಿಯಲ್ಲಿ ಮೇಸ್ತ್ರಿಯ ಮಣಿಕಟ್ಟು ಹಿಡಿದ. ಹಿಡಿದವನ ಮುಖ ಬಿಳಿಚಿಕೊಂಡಿತು. ಇನ್ನೊಂದು ಕೈ ಹಿಡಿದ.

"ಅಕ್ಕಾ, ನಾಡಿ ಇಲ್ಲ!"

"ಇಲ್ಲದಿದ್ರೆ ಟೀ ಕುಡೀತಿರೋದು ಯಾರು?" ಎಂದಳು ಸೊಸೆ. "ಈ ಪಂಪು ಬಡಿಯಲ್ಲ ಅಣ್ಣ, ಒಂದೇ ಸಮ ರಕ್ತ ನೂಕುತ್ತೆ. ಅದಕ್ಕೇ ನಾಡಿ ಸಿಗಲ್ಲ. ಎದೆಗೆ ಕಿವಿ ಇಟ್ಟು ಕೇಳಿ, ಗುಂಯ್ ಅನ್ನುತ್ತೆ."

ಮೇಸ್ತ್ರಿಗೆ ಅಂದು ಖುಷಿಯೋ ಖುಷಿ. ಬಂದವರಿಗೆಲ್ಲ ಕೈ ಚಾಚಿ, "ನೋಡ್ರಪ್ಪ, ನಾಡಿ ಇಲ್ಲದೇ ಬದುಕಿರೋನು" ಎನ್ನುತ್ತಿದ್ದ.

ಖುಷಿ ಊಟದ ಹೊತ್ತಿಗೆ ಇಳಿಯುತ್ತಿತ್ತು. ಉಪ್ಪು ಚಿಟಿಕೆಗಿಂತ ಹೆಚ್ಚಿಲ್ಲ, ನೀರು ಅಳತೆ, ರಕ್ತ ತೆಳುವಾಗಿಸುವ ಮಾತ್ರೆಗೆ ಹೊಂದಬೇಕೆಂದು ಸೊಪ್ಪೂ ಅಳತೆ.

"ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರೆ. ತಾಯಿ ಹೋದ್ಲು. ಉಪ್ಪೂ ಹೋಯ್ತು" ಎಂದು ಗಂಜಿಯ ಬಟ್ಟಲನ್ನು ದೂರ ತಳ್ಳಿದ.

"ಹೆಂಡ್ತಿ ಇದೀನಲ್ಲ, ತಿನ್ನಿ" ಎಂದು ಕರೆಂಟಮ್ಮ ಬಟ್ಟಲನ್ನು ಮತ್ತೆ ಹತ್ತಿರ ತಳ್ಳಿದಳು.

ಅಡುಗೆ, ಬಟ್ಟೆ, ಮಾತ್ರೆ ನೆನಪಿಸುವುದು, ಜಗಳವಾಡಿ ತಿನ್ನಿಸುವುದು ಎಲ್ಲದರಲ್ಲೂ ಅವಳದೇ ಮೇಲುಗೈ. ಡಬ್ಬಿ ಕುಂಯ್ ಎಂದರೆ ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದು, "ಬಾರೇ, ಇಲ್ಲಿ ಏನೋ ಕೂಗ್ತಿದೆ" ಎಂದು ಸೊಸೆಯನ್ನು ಕೂಗುತ್ತಿದ್ದಳು. ಸೊಸೆ ಬಚ್ಚಲಲ್ಲಿದ್ದರೂ ಒದ್ದೆ ತಲೆಯಲ್ಲೇ ಓಡಿ ಬರಬೇಕಿತ್ತು.

ಎರಡು ತಿಂಗಳಾಗುತ್ತಾ ಬಂದಾಗ ಕನ್ನಡಕದ ಅಂಗಡಿಯಿಂದ ಫೋನು ಬಂತು. ಒಂದನೇ ತಾರೀಕಿಗೆ ಬರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ, ನನ್ನನ್ನು ಬೈಕೋಬೇಡಮ್ಮ ಎಂದ ಮಾಲೀಕ. ಸೊಸೆ ಸಿಸ್ಟರಿಗೆ ಫೋನು ಮಾಡಿ ಕೇಳಿದಳು. ಹಗಲು ಜೊತೆಗಿರುವವರಿಗೆ ನೀವೇ ಮನೆಯಲ್ಲಿ ಕಲಿಸಿ, ಹತ್ತು ಸಲ ಕೈಯಾರೆ ಮಾಡಿಸಿ, ಒಂದೊಂದು ಸಲಕ್ಕೂ ಹಾಳೆಯಲ್ಲಿ ಗುರುತು ಹಾಕಿ ಕಳಿಸಿ, ಮುಂದಿನ ತಪಾಸಣೆಗೆ ಬಂದಾಗ ನಾನೇ ಪರೀಕ್ಷೆ ಮಾಡುತ್ತೇನೆ ಎಂದಳು ಸಿಸ್ಟರು.

ಆಸ್ಪತ್ರೆಯವರು ಅಭ್ಯಾಸಕ್ಕೆಂದು ಸುಮ್ಮನೆ ಒಂದು ಖಾಲಿ ಡಬ್ಬಿ, ಒಂದು ತುಂಡು ವೈರು ಕೊಟ್ಟಿದ್ದರು. ಎರಡರ ಮೇಲೂ ಒಂದೊಂದು ಬಾಣದ ಗುರುತಿತ್ತು. ಅದನ್ನು ಮೇಜಿನ ಮೇಲಿಟ್ಟು ಪಾಠ ಶುರುವಾಯಿತು. ಮೇಡಂ ಆದವಳು ಹತ್ತು ವರ್ಷದ ಮೊಮ್ಮಗಳು, ಮನೆಯವರ ಬಾಯಲ್ಲಿ ಚಿನಕುರಳಿ.

"ಅಜ್ಜೀ, ವೈರ್ ಕಳಚಿಹೋದ್ರೆ ಏನು ಮಾಡ್ಬೇಕು?"

"ಬಾಣಕ್ಕೆ ಬಾಣ ಸೇರಿಸಿ, ಟಕ್ ಅನ್ನೋವರೆಗೆ ಒತ್ತಿ, ಮೆಲ್ಲಗೆ ಎಳೆದು ನೋಡ್ಬೇಕು."

"ಬಾಯಲ್ಲಿ ನೂರಕ್ಕೆ ನೂರು. ಈಗ ಕೈಯಲ್ಲಿ."

"ಕೈಯಲ್ಲಿ ನಾಳೆ."

"ಇದರಲ್ಲಿ ಕರೆಂಟೇ ಇಲ್ಲ ಅಜ್ಜೀ! ಆಟದ ಸಾಮಾನು ಇದು!"

"ನಿಮ್ಮ ತಾತನೂ ಹಾಗೇ ಹೇಳಿದ್ರು, ಆ ಮೋಟರಲ್ಲಿ ಕರೆಂಟಿಲ್ಲ ಅಂತ. ಗೋಡೆ ಹತ್ರ ಎದ್ದು ಕೂತಾಗ ನಂಗೆ ನನ್ನ ಹೆಸರೇ ನೆನಪಿರ್ಲಿಲ್ಲ."

ನಾಲ್ಕು ದಿನ, ಐದು ದಿನ ಹೀಗೇ ನಡೆಯಿತು. ಕರೆಂಟಮ್ಮ ಎಲ್ಲವನ್ನೂ ಗಿಳಿಪಾಠದಂತೆ ಒಪ್ಪಿಸುತ್ತಿದ್ದಳು, ಕೈಯನ್ನು ಮಾತ್ರ ಮಡಿಲಿಂದ ಮೇಲೆತ್ತುತ್ತಿರಲಿಲ್ಲ. ಒಂದನೇ ತಾರೀಕಿಗೆ ಎರಡು ದಿನ ಉಳಿದಾಗ ಸೊಸೆಗೆ ತಡೆಯಲಾಗಲಿಲ್ಲ.

"ಹಾಗಾದ್ರೆ ನಾನು ಕೆಲಸ ಬಿಟ್ಟೆ ಅಂತ ಹೇಳ್ಬಿಡ್ಲಾ ಅತ್ತೆ? ಎಂಟು ವರ್ಷ! ನಂಗೆ ಅಂತ ಇರೋದು ಅದೊಂದೇ."

ಸೊಸೆಯ ಕಣ್ಣು ತುಂಬಿದ್ದನ್ನು ಕರೆಂಟಮ್ಮ ನೋಡಿದಳು. ಎರಡು ತಿಂಗಳಿಂದ ಒಂದು ದಿನವೂ ಗೊಣಗದೆ ಮಾವನ ಹೊಟ್ಟೆಗೆ ಪಟ್ಟಿ ಕಟ್ಟಿದ ಸೊಸೆ.

"ಹಾಳೆ ತಾ ಇಲ್ಲಿ. ಹತ್ತೂ ಗುರುತು ಹಾಕ್ಬಿಡು."

"ಅತ್ತೆ?"

"ಹಾಕೇ. ಸಮಯ ಬಂದ್ರೆ ಮಾಡ್ತೀನಿ. ಅಷ್ಟಕ್ಕೂ ವೈರ್ ತಾನಾಗಿ ಎಲ್ಲಿ ಕಳಚುತ್ತೆ? ಬ್ಯಾಟರಿ ನೀನು ಬೆಳಿಗ್ಗೆ ಹಾಕಿ ಹೋದ್ರೆ ಸಂಜೆ ನೀನು ಬರೋವರೆಗೂ ಇರುತ್ತೆ."

ಸೊಸೆ ಒಂದು ಕ್ಷಣ ಪೆನ್ನು ಹಿಡಿದು ಕೂತಳು. ಆಮೇಲೆ ಹತ್ತು ಗುರುತನ್ನೂ ಹಾಕಿ, ಫೋನಿನಲ್ಲಿ ಫೋಟೋ ತೆಗೆದು ಸಿಸ್ಟರಿಗೆ ಕಳಿಸಿದಳು.

ಇತ್ತ ಮೇಸ್ತ್ರಿಯ ತಲೆಯಲ್ಲಿ ಬೇರೆಯೇ ಹುಳ ಕೊರೆಯುತ್ತಿತ್ತು. ಹದಿನೈದು ದಿನದ ಹಿಂದೆ ತಪಾಸಣೆಗೆ ಹೋದಾಗ ಪಂಪನ್ನು ನೋಡಿಕೊಳ್ಳುವ ತಂತ್ರಜ್ಞನನ್ನು ಅವನು ಕೇಳಿದ್ದ.

"ಎಷ್ಟು ವರ್ಷ ಓಡುತ್ತೆ ಇದು?"

"ಗೆರೆ ಹಾಕಿ ಹೇಳೋಕಾಗಲ್ಲ ತಾತ. ಐದು ವರ್ಷ ದಾಟಿದೋರು ತುಂಬ ಜನ ಇದಾರೆ. ಹತ್ತು ದಾಟಿದೋರೂ ಇದಾರೆ."

"ದಿನಕ್ಕೆ ಬಿಡುವು ಎಷ್ಟು ಕೊಡ್ಬೇಕು?"

ಆ ಯುವಕ ನಕ್ಕ. "ಇದಕ್ಕೆ ಬಿಡುವೇ ಇಲ್ಲ."

ಮೇಸ್ತ್ರಿಗೆ ಆ ನಗು ಹಿಡಿಸಲಿಲ್ಲ. ಬಿಡುವಿಲ್ಲದೆ ಓಡಿದ ಮೋಟರುಗಳ ಹೆಣಗಳನ್ನು ನಲವತ್ತು ವರ್ಷ ಬಿಚ್ಚಿದವನು ಅವನು. ಎರಡು ಗಂಟೆ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ ಎಂದು ಪ್ರತಿ ಗಿರಾಕಿಗೂ ಹೇಳಿ ಕಳಿಸಿದವನು. ಮಾತು ಕೇಳಿದವರ ಪಂಪು ಹದಿನೈದು ವರ್ಷ ಬಾಳಿತ್ತು, ಕೇಳದವರದು ಎರಡೇ ವರ್ಷಕ್ಕೆ ಅವನ ಅಂಗಡಿಗೆ ಬಂದಿತ್ತು. ನಿನ್ನೆ ಮೊನ್ನೆ ಮೀಸೆ ಬಂದ ಹುಡುಗನಿಗೇನು ಗೊತ್ತು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಅವನ ಹುಟ್ಟುಗುಣ. ಮನೆಯಲ್ಲಿ ಹೇಳಿದರೆ ಗಲಾಟೆಯಾಗುತ್ತದೆಂದು ಬಾಯಿ ಬಿಡಲಿಲ್ಲ.

ಸೊಸೆ ಕೆಲಸಕ್ಕೆ ಹೋಗತೊಡಗಿದ ಮೂರನೇ ದಿನ. ಮಗ ಬಸ್ಸಿನ ಕೆಲಸದಲ್ಲಿ, ಚಿನಕುರಳಿ ಶಾಲೆಯಲ್ಲಿ. ಮಧ್ಯಾಹ್ನದ ಊಟವಾಯಿತು. ಮೇಸ್ತ್ರಿ ಕುರ್ಚಿಯನ್ನು ಗಡಿಯಾರದ ಎದುರು ಹಾಕಿಕೊಂಡು ಕೂತ.

"ಅರ್ಧ ಗಂಟೆ ನನ್ನ ಮಾತಾಡಿಸ್ಬೇಡ" ಎಂದು ಕೂಗಿ ಹೇಳಿದ.

"ನೀವು ಬಾಯಿ ಮುಚ್ಕೊಂಡಿದ್ರೆ ನಂಗೇ ನೆಮ್ಮದಿ" ಎಂದು ಕರೆಂಟಮ್ಮ ಒಳಗೆ ಪಾತ್ರೆ ತೊಳೆಯತೊಡಗಿದಳು.

ಬ್ಯಾಟರಿ ತೆಗೆದರೆ ಡಬ್ಬಿಯೊಳಗಿನ ಪುಟ್ಟ ಬ್ಯಾಟರಿಯಿಂದ ಪಂಪು ಕಾಲು ಗಂಟೆ ಓಡುತ್ತಲೇ ಇರುತ್ತದೆಂದು ಅವನಿಗೆ ಗೊತ್ತಿತ್ತು. ಬಿಡುವೆಂದರೆ ಪೂರ್ತಿ ಬಿಡುವು ಇರಬೇಕು. ಡಬ್ಬಿಯ ಬಳಿ ವೈರಿಗೆ ಒಂದು ಬೀಗದಂಥ ಕೊಂಡಿ ಇತ್ತು, ಗೊತ್ತಿಲ್ಲದವರು ಕಳಚಬಾರದೆಂದು ಮಾಡಿದ್ದು. ಮೇಸ್ತ್ರಿಯ ಬೆರಳಿಗೆ ಅದು ಎರಡು ಕ್ಷಣದ ಕೆಲಸ. ಗಡಿಯಾರ ನೋಡಿಕೊಂಡು ವೈರನ್ನು ಎಳೆದುಬಿಟ್ಟ. ಇರಲಾರದವನು ಇರುವೆ ಬಿಟ್ಟುಕೊಂಡ ಹಾಗಾಯಿತು.

ಡಬ್ಬಿ ಕಿಟಾರನೆ ಕಿರುಚಿಕೊಂಡಿತು. ಕರೆಂಟಮ್ಮ ಓಡಿ ಬಂದಾಗ ಗಂಡನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ತುಟಿ ಬೂದು ಬಣ್ಣಕ್ಕೆ ತಿರುಗಿತ್ತು. ತೊಡೆಯ ಮೇಲೆ ಡಬ್ಬಿಯ ಕೆಂಪು ದೀಪ ಮಿನುಗುತ್ತಿತ್ತು, ವೈರಿನ ತುದಿ ಅವನ ಕೈಯಲ್ಲೇ ಇತ್ತು.

"ಬಾರೇ!" ಎಂದು ಅಭ್ಯಾಸಬಲದಿಂದ ಕೂಗಿದಳು. ಬರುವವರು ಯಾರೂ ಇರಲಿಲ್ಲ.

ಅವಳ ಎರಡೂ ಕೈ ಮೊಣಕೈವರೆಗೆ ಒದ್ದೆ. ಒಂದು ಕ್ಷಣ ಅವಳು ಆ ಕೈಗಳನ್ನೇ ನೋಡಿದಳು. ಆಮೇಲೆ ಗಂಡನ ಶರ್ಟಿಗೇ ಗಸಗಸನೆ ಒರೆಸಿಕೊಂಡು, ಕಣ್ಣು ಮುಚ್ಚಿ, ವೈರನ್ನು ಹಿಡಿದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟು ಒತ್ತಿದಳು, ಒಳಗೆ ಹೋಗಲಿಲ್ಲ. "ಬಾಣಕ್ಕೆ ಬಾಣ, ಬಾಣಕ್ಕೆ ಬಾಣ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ತಿರುಗಿಸಿದಳು. ಟಕ್ಕೆಂದಿತು. ಎಳೆದು ನೋಡಿದಳು, ಬರಲಿಲ್ಲ. ಕೊಂಡಿಯನ್ನೂ ತಿರುಗಿಸಿ ಹಾಕಿದಳು. ಕಿರುಚಾಟ ನಿಂತು ಹಸಿರು ದೀಪ ಬಂತು. ನಾಡಿ ಹಿಡಿದು ಪ್ರಯೋಜನವಿಲ್ಲವೆಂದು ಗೊತ್ತಿತ್ತು, ಮಂಡಿಯೂರಿ ಕೂತು ಅವನ ಎದೆಗೆ ಕಿವಿಯಿಟ್ಟಳು. ಒಳಗೆ ಗುಂಯ್ ಎನ್ನುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಕಣ್ಣು ಬಿಟ್ಟ. ಗಡಿಯಾರದ ಕಡೆ ನೋಡಿ, "ಅರ್ಧ ಗಂಟೆ ಆಯ್ತಾ?" ಎಂದು ಕೇಳಿದ.

ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಕರೆಂಟಮ್ಮ ಗಂಡನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಗೋಡೆಯ ಮೇಲೆ ಬರೆದಿದ್ದ ಆಸ್ಪತ್ರೆಯ ನಂಬರಿಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ನಿಂತ ಪಂಪಿನೊಳಗೆ ರಕ್ತ ಹೆಪ್ಪುಗಟ್ಟಿರಬಹುದೆಂದು ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಏನೂ ಆಗಿರಲಿಲ್ಲ. ಡಾಕ್ಟರು ಮೇಸ್ತ್ರಿಯನ್ನು ಬೈದ ಬೈಗುಳ ಪಕ್ಕದ ವಾರ್ಡಿಗೂ ಕೇಳಿಸಿತು. ನೀರಿನ ಪಂಪು ಬಿಸಿಯಾಗುತ್ತದೆ, ಸವೆಯುತ್ತದೆ, ಅದಕ್ಕೆ ಬಿಡುವು ಬೇಕು. ಇದು ರಕ್ತದೊಳಗೆ ಯಾವುದಕ್ಕೂ ತಾಗದೆ ತೇಲುತ್ತಾ ತಿರುಗುವಂಥದ್ದು, ಇದಕ್ಕೆ ನಿಲ್ಲುವುದೇ ಅಪಾಯ ಎಂದು ಬಿಡಿಸಿ ಹೇಳಿದರು. ಮೇಸ್ತ್ರಿ ಮೊದಲ ಸಲ ಒಂದು ಮೋಟರಿನ ಬಗ್ಗೆ ಎದುರು ಮಾತಾಡದೆ ಕೇಳಿಸಿಕೊಂಡ.

ಸಿಸ್ಟರು ಬಂದು ಕರೆಂಟಮ್ಮನ ಬೆನ್ನು ತಟ್ಟಿದಳು. "ಎರಡೇ ನಿಮಿಷದಲ್ಲಿ ಸೇರಿಸಿದೀರ ಅಮ್ಮ. ಹತ್ತು ಸಲ ಅಭ್ಯಾಸ ಮಾಡಿದ್ದು ಸಾರ್ಥಕ ಆಯ್ತು ನೋಡಿ."

ಸೊಸೆ ತಲೆ ತಗ್ಗಿಸಿದಳು. "ಒಂದು ಸಲನೂ ಮಾಡಿರ್ಲಿಲ್ಲ ಸಿಸ್ಟರ್. ನಾನು ಸುಳ್ಳು ಗುರುತು ಹಾಕಿದ್ದು."

"ಹಾಕು ಅಂದದ್ದು ನಾನು" ಎಂದು ಕರೆಂಟಮ್ಮ ನಡುವೆ ಬಂದಳು. "ಬೈಯೋದಾದ್ರೆ ನನ್ನ ಬೈಯಿ."

ಮಗನ ಮುಖ ಕೆಂಪಾಯಿತು. "ಇಬ್ಬರೂ ಸೇರ್ಕೊಂಡು ಅಪ್ಪನ ಜೀವದ ಜೊತೆ ಆಟ ಆಡಿದ್ರಾ?"

"ನೀನು ಬಾಯಿ ಮುಚ್ಚೋ!" ಕರೆಂಟಮ್ಮ ತಿರುಗಿ ನಿಂತಳು. "ಎರಡು ತಿಂಗಳಲ್ಲಿ ಎಷ್ಟು ಸಲ ಪಟ್ಟಿ ಕಟ್ಟಿದೀಯ? ಅಪ್ಪ ಯಾರಿಗೆ, ಅವಳಿಗಾ ನಿಂಗಾ? ತಲೆ ಸುತ್ತುತ್ತೆ ಅಂತೀಯ, ಅಷ್ಟು ದೊಡ್ಡ ಬಸ್ ತಿರುಗಿಸುವಾಗ ಸುತ್ತಲ್ವಾ?"

ಸಿಸ್ಟರಿಗೆ ಸಿಟ್ಟೂ ಬಂದಿತ್ತು, ನಗುವೂ ಬಂದಿತ್ತು. ಇನ್ನೊಮ್ಮೆ ಸುಳ್ಳು ಬರೆದರೆ ಅಜ್ಜನನ್ನು ಮನೆಗೇ ಕಳಿಸುವುದಿಲ್ಲ ಎಂದು ಗದರಿಸಿ, ಅಭ್ಯಾಸದ ಡಬ್ಬಿ ತಂದು ಮಂಚದ ಮೇಲಿಟ್ಟು ತಾಯಿ ಮಗ ಇಬ್ಬರನ್ನೂ ಕೂರಿಸಿದಳು. ವಿಚಿತ್ರವೆಂದರೆ ಕರೆಂಟಮ್ಮನಿಗೆ ಈಗ ಎರಡು ಸಲ ಬಾಣ ತಪ್ಪಿತು, ಮೂರನೆಯದು ಕೂತಿತು. "ಇನ್ನೊಂದು ಸಲ" ಎಂದಳು ಸಿಸ್ಟರು. ಮೂರು ದಿನದಲ್ಲಿ ಅವಳು ಐವತ್ತು ಸಲ ಮಾಡಿದಳು. ಮಗ ಅಪ್ಪನ ಹೊಟ್ಟೆಯ ಪಟ್ಟಿ ಬಿಚ್ಚಿ, ಬೆವೆತು, ಒಮ್ಮೆ ಕಿಟಕಿಯ ಹತ್ತಿರ ಹೋಗಿ ಉಸಿರೆಳೆದುಕೊಂಡು ಬಂದು, ಮತ್ತೆ ಕಟ್ಟಿದ.

ಮನೆಗೆ ಬಂದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಸೊಸೆ ಮಾತ್ರ ತಟ್ಟೆ ಮುಟ್ಟದೆ ಫೋನು ಹಿಡಿದುಕೊಂಡಿದ್ದಳು.

"ಅಂಗಡಿಗೆ ಹೇಳ್ಬಿಡ್ತೀನಿ ಅತ್ತೆ. ಇನ್ನು ಬರಲ್ಲ ಅಂತ. ನಾನು ಅಲ್ಲಿ ಗಾಜು ಉಜ್ಜುತ್ತಾ ಕೂತಿರ್ತೀನಿ, ಇಲ್ಲಿ ಮಾವ ಮತ್ತೇನಾದ್ರೂ..."

ಕರೆಂಟಮ್ಮ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡು ತನ್ನ ತೊಡೆಯ ಕೆಳಗಿಟ್ಟುಕೊಂಡಳು. "ನಾಳೆ ಕೆಲಸಕ್ಕೆ ಹೋಗ್ತೀಯ. ಹಗಲು ನಾನಿದೀನಿ. ಸಂಜೆ ಪಟ್ಟಿ ಇವನು ಕಟ್ತಾನೆ. ಊಟ ಮಾಡು."

"ಇವ್ರು ಮತ್ತೆ ಕಿತ್ರೆ?"

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಅವನು ಗಂಜಿಯನ್ನೇ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಮೂರು ದಿನವೂ ಯಾಕೆ ಹೀಗೆ ಮಾಡಿದೆ ಎಂದು ಡಾಕ್ಟರು, ಮಗ, ಸೊಸೆ ಎಲ್ಲರೂ ಕೇಳಿದ್ದರು. ಬಿಡುವು ಕೊಟ್ಟೆ ಎನ್ನುವುದನ್ನು ಬಿಟ್ಟರೆ ಬೇರೆ ಮಾತು ಆಡಿರಲಿಲ್ಲ.

"ತಾತ, ಯಾಕೆ ಬಿಡುವು ಕೊಟ್ಟೆ?" ಚಿನಕುರಳಿ ಕೇಳಿದಳು.

"ಜಾಸ್ತಿ ದಿನ ಬರ್ಲಿ ಅಂತ."

"ಎಷ್ಟು ಜಾಸ್ತಿ?"

"ದಿನಾ ಅರ್ಧ ಗಂಟೆ ಉಳಿಸಿದ್ರೆ..." ಮೇಸ್ತ್ರಿ ಲೆಕ್ಕ ಹೇಳಲು ಹೊರಟವನು ನಿಲ್ಲಿಸಿದ. ಕಣ್ಣನ್ನು ತಟ್ಟೆಯಿಂದ ಎತ್ತದೆ, ಯಾರಿಗೋ ಬೈಯುವವನ ದನಿಯಲ್ಲಿ ಹೇಳಿದ. "ಮೊದಲು ಬೇಡ ಅಂದಿದ್ದೆ. ಆಮೇಲೆ ಆಸೆ ಆಯ್ತು. ಇವಳ ಜೊತೆ ಇನ್ನೊಂದಷ್ಟು ವರ್ಷ ಇರ್ಬೇಕು ಅನ್ನಿಸ್ತು. ಅಷ್ಟೇ."

ಕರೆಂಟಮ್ಮ ಎದ್ದು ನಿಂತಳು. ಗಂಡನ ಬಟ್ಟಲಿಗೆ ಗಂಜಿ ಬಡಿಸಲು ಹೋದ ಕೈ ಅಲ್ಲೇ ನಿಂತಿತು. ಮೂರು ತಿಂಗಳಲ್ಲಿ, ಆಪರೇಷನ್ನಿನ ದಿನವೂ, ಆ ಮಧ್ಯಾಹ್ನವೂ ಅಳದವಳು ಎಲ್ಲರ ಎದುರಿಗೇ ಗೊಳೋ ಎಂದು ಅತ್ತಳು.

"ಹಾಗಂತ ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತಲ್ರೀ" ಎಂದಳು. "ಅದಕ್ಕೆ ವೈರ್ ಯಾಕೆ ಕೀಳ್ಬೇಕಿತ್ತು?"